ಹಳೆಯ ಪುಸ್ತಕದ ಚಿತ್ರವನ್ನು ತೈಲವರ್ಣಕ್ಕೆ ತರುವುದು: ಬಳ್ಳಾರಿ, ರಾಯಚೂರು, ಕೊಪ್ಪಳದ ಬಿಸಿಲಿಗೆ ಹೊಂದುವ ಕ್ರಮ

ಹಳೆಯ ಕಥೆಪುಸ್ತಕದ ಚಿತ್ರ ಹೆಚ್ಚೆಂದರೆ 15 ಸೆಂ.ಮೀ. ಎತ್ತರ, 10.5 ಸೆಂ.ಮೀ. ಅಗಲ. ಅದರಲ್ಲಿ ನಿಂತಿರುವ ಹೆಂಗಸಿನ ಮುಖ 8 ಮಿ.ಮೀ. ಇದ್ದೀತು. ಚಿತ್ರವನ್ನು ಚುಕ್ಕಿಗಳಾಗಿ ಒಡೆಯುವ, ಇಂಚಿಗೆ 150 ಸಾಲಿನ ಪರದೆಯಲ್ಲಿ ಅಚ್ಚಾಗಿದೆ ಎಂದಿಟ್ಟುಕೊಂಡರೆ ಆ ಮುಖದ ಉದ್ದಕ್ಕೆ ಇರುವುದು ಸುಮಾರು 47 ಚುಕ್ಕಿ. ಕಣ್ಣು, ಮೂಗು, ತುಟಿ, ಮೂಗುತಿ ಎಲ್ಲವೂ ಅಷ್ಟರೊಳಗೇ. ಅದನ್ನು ನಾಲ್ಕಡಿ ಕ್ಯಾನ್ವಾಸಿಗೆ ಏರಿಸಿದರೆ ಮುಖವೇನೋ ಆರೂವರೆ ಸೆಂ.ಮೀ. ಆಗುತ್ತದೆ, ಚುಕ್ಕಿ ಮಾತ್ರ ಅವೇ 47. ಮಿಕ್ಕದ್ದನ್ನೆಲ್ಲ ಬರೆಯುವವರೇ ಊಹಿಸಿ ತುಂಬಬೇಕು. ಕೈ ಪಳಗಿದವರಿಗೂ ಪ್ರತಿ ತಪ್ಪುವುದು ಇಲ್ಲೇ. ಬಣ್ಣ ಹೊಂದದಿದ್ದರೆ ಮೇಲೊಂದು ಪದರ ಹಾಕಿ ಸರಿಮಾಡಬಹುದು, ಅಳತೆ ತಪ್ಪಿದರೆ ಸರಿಮಾಡಲು ಏನೂ ಉಳಿಯುವುದಿಲ್ಲ. ಆದ್ದರಿಂದ ಟ್ಯೂಬ್ ಬಿಚ್ಚುವ ಮುಂಚೆ ಅಳತೆ ಮತ್ತು ಗೆರೆ ಎರಡೂ ತೀರ್ಮಾನವಾಗಿರಲಿ.

ನಾಲ್ಕು ಪಟ್ಟು ದಾಟಬೇಡಿ. 15 × 10.5 ಸೆಂ.ಮೀ. ಚಿತ್ರ 60 × 42 ಸೆಂ.ಮೀ. ಆಗುತ್ತದೆ, ಮನೆಯ ಗೋಡೆಗೆ ಅಷ್ಟು ಸಾಕು. ಸಣ್ಣ ಮುಖಗಳು ತುಂಬಿರುವ ಚಿತ್ರವಾದರೆ ಮೂರು ಪಟ್ಟಿಗೇ ನಿಲ್ಲಿಸುವುದು ಒಳ್ಳೆಯದು. ಈ ಲೇಖನದ ಲೆಕ್ಕವೆಲ್ಲ 60 × 42ಕ್ಕೆ ಹಾಕಿದ್ದು.

ಯಾವ ಚಿತ್ರ ಆರಿಸಬೇಕು

ಮೊದಲು ಹಕ್ಕಿನ ಮಾತು. ಭಾರತದಲ್ಲಿ ಕಲಾವಿದ ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಶ್ರಾವಣದ ವಾರದ ಕಥೆಗಳನ್ನು ಇಂಗ್ಲಿಷಿನಲ್ಲಿ ಹೇಳುವ 1914ರ ‘ಡೆಕ್ಕನ್ ನರ್ಸರಿ ಟೇಲ್ಸ್’ ಪುಸ್ತಕಕ್ಕೆ ಚಿತ್ರ ಬರೆದ ಎಂ.ವಿ. ಧುರಂಧರ್ 1944ರಲ್ಲಿ ತೀರಿಕೊಂಡರು, ಅವರ ಚಿತ್ರಗಳು 2005ರಿಂದ ಮುಕ್ತ. ಬಂಗಾಳದ ಜನಪದ ಕಥೆಗಳಿಗೆ 1912ರಲ್ಲಿ ಬಣ್ಣದ ಚಿತ್ರ ಬರೆದ ವಾರ್ವಿಕ್ ಗೋಬಲ್ (ನಿಧನ 1943), ಆರ್ಥರ್ ರ‍್ಯಾಕಮ್ (1939), ಆಲಿಸ್ ಕಥೆಯ ಜಾನ್ ಟೆನಿಯಲ್ (1914), ಗುಸ್ತಾವ್ ದೊರೆ (1883) ಇವರದೂ ಮುಕ್ತವೇ. ನಮ್ಮ ಕಡೆ ಎಲ್ಲರಿಗೂ ಆಸೆ ಇರುವುದು ಚಂದಮಾಮದ ಚಿತ್ರಗಳ ಮೇಲೆ. ಆದರೆ ವಿಕ್ರಮ ಬೇತಾಳನನ್ನು ಬರೆದ ಕೆ.ಸಿ. ಶಿವಶಂಕರನ್ ತೀರಿಕೊಂಡದ್ದು 2020ರಲ್ಲಿ. ಅವರ ಚಿತ್ರಗಳ ಹಕ್ಕು 2080ರ ಕೊನೆಯವರೆಗೂ ಇರುತ್ತದೆ. ಮನೆಯಲ್ಲಿ ಕೈ ಪಳಗಿಸಿಕೊಳ್ಳಲು ಬರೆಯುವುದು ಬೇರೆ, ಮಾರುವುದು ಬೇರೆ. ಹೊರದೇಶಕ್ಕೆ ಕಳಿಸುವವರು ಅಲ್ಲಿನ ಲೆಕ್ಕ ನೋಡಬೇಕು, ಬ್ರಿಟನ್ನಿನಲ್ಲಿ ಈ ಅವಧಿ 70 ವರ್ಷ.

ಆಮೇಲೆ ಚಿತ್ರದ ಜಾತಿ ನೋಡಿ. ಪುಸ್ತಕದ ಚಿತ್ರಗಳಲ್ಲಿ ಮೂರು ಬಗೆ ಇವೆ, ತೈಲಕ್ಕೆ ತರುವ ದಾರಿ ಒಂದೊಂದಕ್ಕೂ ಬೇರೆ. ಮೊದಲನೆಯದು ಮರದ ಅಚ್ಚಿನ ಕಪ್ಪು ಗೆರೆಯದು: ಟೆನಿಯಲ್, ದೊರೆ ಇಬ್ಬರದೂ ಇದೇ. ಎರಡನೆಯದು ಜಲವರ್ಣದ ಮೇಲೆ ಮಸಿ ಗೆರೆ ಇರುವುದು, ರ‍್ಯಾಕಮ್ ತರಹದ್ದು. ಮೂರನೆಯದು ಮೂಲದಲ್ಲೇ ತೈಲದಲ್ಲಿ ಬರೆದು ಅಚ್ಚಿಗಾಗಿ ಚಿಕ್ಕದು ಮಾಡಿದ್ದು. 1911ರ ‘ಟ್ರೆಷರ್ ಐಲ್ಯಾಂಡ್’ ಆವೃತ್ತಿಗೆ ಎನ್.ಸಿ. ವೈಯೆತ್ ಬರೆದ ಚಿತ್ರಗಳು ಹೀಗೆ, ಮೂಲ ಕ್ಯಾನ್ವಾಸುಗಳು ಸುಮಾರು ನಾಲ್ಕಡಿ ಎತ್ತರದವು. ಹೊಸಬರು ಮೂರನೆಯ ಬಗೆಯಿಂದ ಶುರುಮಾಡಲಿ. ಅಲ್ಲಿ ಬೆಳಕು ನೆರಳು ದೊಡ್ಡ ದೊಡ್ಡ ತುಂಡುಗಳಾಗಿ ಬಿದ್ದಿರುತ್ತವೆ, ಕುಂಚದ ಓಟ ಮೊದಲೇ ತೈಲದ್ದು. ಅತಿ ಕಷ್ಟದ್ದು ಎರಡನೆಯ ಬಗೆ, ಜನ ಮೊದಲು ಕೈಹಾಕುವುದೂ ಅದಕ್ಕೇ.

ಮಾದರಿ

ಪುಸ್ತಕ ಕೈಯಲ್ಲಿದ್ದರೆ 600 ಡಿಪಿಐಗೆ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿಸಿ. 15 ಸೆಂ.ಮೀ.ಗೆ ಸುಮಾರು 3,540 ಪಿಕ್ಸೆಲ್ ಸಿಗುತ್ತದೆ, ಅದನ್ನು 60 ಸೆಂ.ಮೀ.ಗೆ ಮುದ್ರಿಸಿದರೆ 150 ಡಿಪಿಐ ಬೀಳುತ್ತದೆ, ನೋಡಿ ಬರೆಯಲು ಧಾರಾಳ. ಹೊಲಿಗೆ ಬಿಟ್ಟಿರುವ ಹಳೆಯ ಪುಸ್ತಕವನ್ನು ಸ್ಕ್ಯಾನರ್ ಮೇಲೆ ಒತ್ತಬೇಡಿ, ಬೆನ್ನು ಮುರಿಯುತ್ತದೆ. ಅದರ ಬದಲು ಎರಡೂ ಬದಿಯಿಂದ 45 ಡಿಗ್ರಿ ಓರೆಯಲ್ಲಿ ದೀಪ ಇಟ್ಟು ಫೋಟೊ ತೆಗೆಯಿರಿ. ಫೋನನ್ನು ಹತ್ತಿರ ಹಿಡಿದರೆ ಅಂಚುಗಳು ಹೊರಕ್ಕೆ ಬಾಗುತ್ತವೆ; ಒಂದು ಮೀಟರ್ ದೂರ ನಿಂತು 2ಎಕ್ಸ್ ಲೆನ್ಸಿನಲ್ಲಿ ತೆಗೆದರೆ ಗೆರೆ ನೇರ ಬರುತ್ತದೆ. ಚಿತ್ರದ ಪಕ್ಕ ಒಂದು ಬಿಳಿ ಕಾಗದದ ಪಟ್ಟಿ ಇಟ್ಟಿರಿ. ಪುಟ ಎಷ್ಟು ಹಳದಿಯಾಗಿದೆ ಎನ್ನುವುದಕ್ಕೆ ಅದೇ ಸಾಕ್ಷಿ.

ಈ ಹಳದಿಯನ್ನು ಏನು ಮಾಡಬೇಕು ಎನ್ನುವುದು ಪ್ರತಿ ಬರೆಯುವವರ ಹಳೆಯ ಜಗಳ. ಪೂರ್ತಿ ಉಳಿಸಿಕೊಂಡರೆ ಆಕಾಶವೆಲ್ಲ ಕೊಳೆಯಾಗಿ ಕಾಣುತ್ತದೆ, ಪೂರ್ತಿ ತೆಗೆದರೆ ಚಿತ್ರ ನಿನ್ನೆ ಅಚ್ಚಾದ ಕ್ಯಾಲೆಂಡರಿನಂತೆ ಬೆಳ್ಳಗಾಗುತ್ತದೆ. ಬಿಳಿ ಪಟ್ಟಿ ನೋಡಿಕೊಂಡು ಕಂಪ್ಯೂಟರಿನಲ್ಲಿ ಅರ್ಧ ಮಾತ್ರ ಸರಿಪಡಿಸಿ. ಆಮೇಲೆ ಬಿಳಿ ಬಣ್ಣಕ್ಕೆ ಯೆಲ್ಲೋ ಓಕರ್ (ಮಣ್ಣುಹಳದಿ) ಚಿಟಿಕೆ ಬೆರೆಸಿದರೆ ಹದ ಸಿಗುತ್ತದೆ.

ಎರಡು ಪ್ರತಿ ಮುದ್ರಿಸಿ: ಒಂದು ಬಣ್ಣದ್ದು, ಒಂದು ಕಪ್ಪು ಬಿಳುಪು, ಎರಡೂ ಮ್ಯಾಟ್ ಕಾಗದದ ಮೇಲೆ. ಫ್ಲೆಕ್ಸ್ ಅಂಗಡಿಯ ಮುದ್ರಣ ಬೇಡ, ಅಲ್ಲಿ ಕೆಂಪು ಉರಿಯುತ್ತದೆ, ನೆರಳೆಲ್ಲ ಒಂದೇ ಕಪ್ಪಾಗುತ್ತದೆ. ಮುದ್ರಿಸುವ ಮುಂಚೆ ಅಚ್ಚಿನ ಚುಕ್ಕಿ ಕಾಣದಷ್ಟು ಮಾತ್ರ ಚಿತ್ರವನ್ನು ಮಸುಕು ಮಾಡಿಸಿ, ಇಲ್ಲದಿದ್ದರೆ ಹಳೆಯ ಚುಕ್ಕಿಯೂ ಹೊಸ ಚುಕ್ಕಿಯೂ ಸೇರಿ ಅಲೆ ಅಲೆಯಾದ ಪಟ್ಟೆ ಏಳುತ್ತದೆ. ಫೋನಿನ ಪರದೆ ನೋಡಿ ಬಣ್ಣ ಕಲಸುವವರ ಚಿತ್ರ ಯಾವಾಗಲೂ ಕಪ್ಪಗಾಗುತ್ತದೆ. ಪರದೆ ಒಳಗಿನಿಂದ ಬೆಳಗುತ್ತದೆ, ಬಣ್ಣಕ್ಕೆ ಆ ಬೆಳಕಿಲ್ಲ, ಸರಿಗಟ್ಟಲು ಹೋಗಿ ನೆರಳನ್ನು ಮತ್ತಷ್ಟು ಕಪ್ಪು ಮಾಡುತ್ತೇವೆ.

ಬಟ್ಟೆ, ಚೌಕಟ್ಟು, ಜೆಸ್ಸೊ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕಡೆ ಕತ್ತರಿಸಿದ ಬಟ್ಟೆ ಅಗ್ಗಕ್ಕೆ ಸಿಗುತ್ತದೆ, ದಪ್ಪವಾಗಿಯೂ ಇರುತ್ತದೆ, ಯಾಕೆ ಆಗಬಾರದು ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಡೆನಿಮ್‌ನ ನೇಯ್ಗೆ ಓರೆಯದು, ಬಣ್ಣ ಹಿಡಿಯಲೆಂದು ಬಟ್ಟೆಗೆ ಮೊದಲು ಬಳಿಯುವ ಬಿಳಿ ಲೇಪವಾದ ಜೆಸ್ಸೊವನ್ನು ಮೂರು ಪದರ ಹಚ್ಚಿದರೂ ಆ ಓರೆ ಸಾಲು ಮುಖದ ಮೇಲೆ ಮೂಡುತ್ತದೆ. ಈಗಿನ ಬಹುಪಾಲು ಡೆನಿಮ್‌ನಲ್ಲಿ ಹಿಗ್ಗುವ ಲೈಕ್ರಾ ನೂಲು ಸ್ವಲ್ಪ ಇರುತ್ತದೆ, ಎಳೆದು ಕಟ್ಟಿದ್ದು ವಾರದಲ್ಲಿ ಜೋಲುತ್ತದೆ. ನೀಲಿ ಜೆಸ್ಸೊಗೆ ಇಳಿಯುವುದು ಬೇರೆ. ಬೇಕಾದದ್ದು ಬಣ್ಣ ಹಾಕದ, ಸಾದಾ ನೇಯ್ಗೆಯ, ಒತ್ತಾದ ಕೋರಾ ಹತ್ತಿ ಕ್ಯಾನ್ವಾಸ್. ಬೆಳಕಿಗೆ ಹಿಡಿದಾಗ ಎಳೆಗಳ ನಡುವೆ ತೂತು ಕಾಣಬಾರದು. ಸಣ್ಣ ಗೆರೆ ಹೆಚ್ಚಿರುವ ಚಿತ್ರಕ್ಕೆ ಬಟ್ಟೆಗಿಂತ 4 ಮಿ.ಮೀ. ಹಾರ್ಡ್‌ಬೋರ್ಡಿನ ನಯವಾದ ಮಗ್ಗುಲು ಎಷ್ಟೋ ಮೇಲು. ಅದಕ್ಕೆ ಮುಂದೆ ಹಿಂದೆ ಎರಡೂ ಕಡೆ ಜೆಸ್ಸೊ ಹಚ್ಚಬೇಕು, ಒಂದೇ ಕಡೆ ಹಚ್ಚಿದರೆ ಹಲಗೆ ಬಾಗುತ್ತದೆ.

ಬಟ್ಟೆಯನ್ನು 72 × 54 ಸೆಂ.ಮೀ.ಗೆ ಕತ್ತರಿಸಿ, ಸುತ್ತ 6 ಸೆಂ.ಮೀ. ಮಡಿಕೆಗೆ ಬೇಕು. ಚೌಕಟ್ಟಿಗೆ ಪೂರ್ತಿ ಒಣಗಿದ ಸಾಗವಾನಿ ಅಥವಾ ಪೈನ್ ಪಟ್ಟಿ ಇರಲಿ. ಹಸಿ ಬೇವಿನ ಪಟ್ಟಿ ಇಲ್ಲಿನ ಏಪ್ರಿಲ್ ಬಿಸಿಲಿಗೆ ತಿರುಚಿಕೊಂಡು ನಾಲ್ಕು ಮೂಲೆಯಲ್ಲಿ ಒಂದು ಗೋಡೆ ಬಿಟ್ಟು ನಿಲ್ಲುತ್ತದೆ. ಪಟ್ಟಿಯ ಒಳ ಅಂಚನ್ನು ಇಳಿಜಾರಾಗಿ ತೋಪಡಾ ಹೊಡೆಯಲು ಬಡಿಗೇರರಿಗೆ ಹೇಳಿ. ಹಾಗೆ ಮಾಡದಿದ್ದರೆ ಕುಂಚ ಒತ್ತಿದಾಗ ಪಟ್ಟಿಯ ಅಂಚು ಬಟ್ಟೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಮೂಲೆಗೆ ಬೆಣೆ ಹೊಡೆಯಲು ಸಂದು ಬಿಡಿಸಿಕೊಂಡಿರಿ, ಮಳೆಗಾಲ ಕಳೆದು ಬೇಸಿಗೆ ಬಂದಾಗ ಜೋತ ಬಟ್ಟೆಯನ್ನು ಬಿಗಿ ಮಾಡಲು ಅದೇ ಆಧಾರ. ಮೊಳೆ ಅಥವಾ ಪಿನ್ನನ್ನು ಮೊದಲು ನಾಲ್ಕೂ ಬದಿಯ ನಡುವೆ ಹೊಡೆದು, ಅಲ್ಲಿಂದ ಮೂಲೆಗಳ ಕಡೆ ಹೋಗಿ. ಮೂಲೆಯಿಂದ ಶುರುಮಾಡಿದರೆ ನಡುವೆ ಸುಕ್ಕು ಉಳಿಯುತ್ತದೆ.

ಅಕ್ರಿಲಿಕ್ ಜೆಸ್ಸೊ ಮೂರು ಪದರ. ಈ ಅಳತೆಗೆ 120 ಮಿ.ಲೀ. ಹತ್ತಿರ ಹಿಡಿಯುತ್ತದೆ, 250 ಮಿ.ಲೀ. ಡಬ್ಬಿ ತಂದರೆ ಉಳಿಯುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಹಚ್ಚಿ. ಹನ್ನೊಂದರ ಬಿಸಿಗೆ ಹಚ್ಚಿದ ಜೆಸ್ಸೊ ಕುಂಚದ ಕೆಳಗೇ ಒಣಗಿ, ಏಣೇಣಾಗಿ ನಿಂತು, ಸೂಜಿಮೊನೆಯಂಥ ತೂತು ಬಿಡುತ್ತದೆ. ಆ ತೂತಿನಲ್ಲಿ ಎಣ್ಣೆ ಇಳಿದು ಬಟ್ಟೆಯ ಎಳೆ ಮುಟ್ಟಿದರೆ ವರ್ಷಗಳ ಮೇಲೆ ಎಳೆ ಲಡ್ಡಾಗುತ್ತದೆ. ಹತ್ತು ಪಾಲಿಗೆ ಒಂದು ಪಾಲು ನೀರು ಬೆರೆಸಿ, ಕುಂಚವನ್ನು ಮೊದಲೇ ಒದ್ದೆ ಮಾಡಿಕೊಳ್ಳಿ. ಒಂದು ಪದರ ಅಡ್ಡ, ಮುಂದಿನದು ಉದ್ದ. ಪ್ರತಿ ಪದರ ಒಣಗಿದ ಮೇಲೆ 220 ನಂಬರಿನ ಪಾಲಿಶ್ ಪೇಪರಿನಿಂದ ಉಜ್ಜಿ, ಒದ್ದೆ ಅರಿವೆಯಿಂದ ಒರೆಸಿ. ಗೆರೆಯ ಚಿತ್ರವಾದರೆ ನಾಲ್ಕನೇ ಪದರವೂ ಬೇಕು, ಕೊನೆಯ ಉಜ್ಜು 320ರದು. ಕಿನ್ನಾಳದ ಗೊಂಬೆಗೆ ಹುಣಸೆ ಬೀಜದ ಅಂಟು ನಡೆಯುತ್ತದಲ್ಲ, ಇದಕ್ಕೂ ಆಗದೇ ಎಂದರೆ, ಅಲ್ಲಿ ಅಂಟು ಕೂತಿರುವುದು ಬಳುಕದ ಮರದ ಮೇಲೆ. ಬಳುಕುವ ಬಟ್ಟೆಯ ಮೇಲೆ ಅದು ಬಿರಿಯುತ್ತದೆ, ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ.

ಬಣ್ಣ ಮತ್ತು ಎಣ್ಣೆ

1900ರ ಆಸುಪಾಸಿನ ಬಣ್ಣದ ಪುಟಗಳು ಹಳದಿ, ಕೆಂಪು, ನೀಲಿ ಮೂರೇ ಮಸಿಯ ಚುಕ್ಕಿಗಳಿಂದ ಆದವು. ಅದಕ್ಕೇ ಆ ಪುಟಗಳ ಕಪ್ಪು ಪೂರ್ತಿ ಕಪ್ಪಲ್ಲ, ಕಂದಿನ ಕಡೆ ವಾಲಿರುತ್ತದೆ, ಹಸಿರೆಲ್ಲ ಸ್ವಲ್ಪ ಬೂದಿ. ಈ ಗುಣ ಬರಬೇಕಾದರೆ ಕಪ್ಪು ಟ್ಯೂಬನ್ನು ಪೆಟ್ಟಿಗೆಯಲ್ಲೇ ಬಿಡಿ. ಬರ್ಂಟ್ ಅಂಬರ್ (ಗಾಢ ಕಂದು) ಎರಡು ಪಾಲು, ಅಲ್ಟ್ರಾಮರೀನ್ (ಗಾಢ ನೀಲಿ) ಒಂದು ಪಾಲು ಸೇರಿಸಿದರೆ ಪುಸ್ತಕದ ಕಪ್ಪು ಬರುತ್ತದೆ. ಹಸಿರಿಗೂ ಸಿದ್ಧ ಟ್ಯೂಬ್ ಬೇಡ. ಅಲ್ಟ್ರಾಮರೀನ್ ಮತ್ತು ಓಕರ್ ಸೇರಿಸಿ, ಬರ್ಂಟ್ ಸಿಯೆನ್ನಾ (ಕೆಂಗಂದು) ಸೋಕಿಸಿ.

ಒಟ್ಟು ಎಂಟು ಟ್ಯೂಬ್ ಸಾಕು: ಟೈಟಾನಿಯಂ ವೈಟ್ (40 ಮಿ.ಲೀ.), ಉಳಿದವು 20 ಮಿ.ಲೀ. ಅಳತೆಯವು, ಅಂದರೆ ಯೆಲ್ಲೋ ಓಕರ್, ಕ್ಯಾಡ್ಮಿಯಂ ಯೆಲ್ಲೋ, ಕ್ಯಾಡ್ಮಿಯಂ ರೆಡ್, ಕ್ವಿನಾಕ್ರಿಡೋನ್ ಜಾತಿಯ ಒಂದು ಗುಲಾಬಿಗೆಂಪು, ಬರ್ಂಟ್ ಸಿಯೆನ್ನಾ, ಬರ್ಂಟ್ ಅಂಬರ್, ಅಲ್ಟ್ರಾಮರೀನ್. ಹಳೆಯ ಪಟ್ಟಿಗಳಲ್ಲಿ ಕಾಣುವ ಅಲಿಜರಿನ್ ಕ್ರಿಮ್ಸನ್ ತೆಳು ಪದರದಲ್ಲಿ ಬೆಳಕಿಗೆ ಮಾಸುತ್ತದೆ, ಬಿಡಿ. ಟ್ಯೂಬಿನ ಮೇಲೆ ‘ಹ್ಯೂ’ ಎಂದಿದ್ದರೆ ಅದು ಆ ಬಣ್ಣದ ಬದಲಿ ಮಿಶ್ರಣ, ಒಂದಕ್ಕೊಂದು ಬೆರೆಸಿದಾಗ ಬೇಗ ಕೆಸರಾಗುತ್ತದೆ.

ಎಣ್ಣೆಯ ವಿಷಯದಲ್ಲಿ ಮನೆಯವರೇ ಮೋಸ ಹೋಗುತ್ತಾರೆ. ನಮ್ಮ ಕಡೆ ಅಗಸಿ, ಕುಸುಬಿ ಎರಡೂ ಗಾಣದ ಎಣ್ಣೆ ಸಿಗುತ್ತದೆ, ಎರಡೂ ಒಣಗುವ ಜಾತಿಯ ಎಣ್ಣೆಯೇ ಹೌದು. ಬಿಳಿ ಬಣ್ಣವನ್ನು ಕುಸುಬಿ ಎಣ್ಣೆಯಲ್ಲಿ ಅರೆಯುವ ಕಂಪನಿಗಳೂ ಇವೆ. ಆದರೆ ಅಡುಗೆಗೆಂದು ತಂದದ್ದರಲ್ಲಿ ಲೋಳೆ, ಗಸಿ ಉಳಿದಿರುತ್ತದೆ, ಪ್ಯಾಕೆಟ್ ಎಣ್ಣೆಗೆ ಕೆಡದಂತೆ ತಡೆಯುವ ಮದ್ದು ಬೆರೆಸಿರುತ್ತಾರೆ. ಆ ಮದ್ದು ಒಣಗುವುದನ್ನೂ ತಡೆಯುತ್ತದೆ. ಹಾರ್ಡ್‌ವೇರ್ ಅಂಗಡಿಯ ಡಬಲ್ ಬಾಯ್ಲ್ಡ್ ಅಗಸಿ ಎಣ್ಣೆ ಬಾಗಿಲಿಗೆ ಸರಿ, ಚಿತ್ರಕ್ಕಲ್ಲ. ಅದರೊಳಗಿನ ಡ್ರೈಯರ್‌ನಿಂದ (ಬೇಗ ಒಣಗಿಸುವ ಮದ್ದಿನಿಂದ) ಚಿತ್ರ ಕಂದಿಗೆ ತಿರುಗುತ್ತದೆ. ಚಿತ್ರಕಲೆಗೆಂದೇ ಬರುವ ಶುದ್ಧೀಕರಿಸಿದ ಲಿನ್ಸೀಡ್ 100 ಮಿ.ಲೀ. ತನ್ನಿ. ತೆಳು ಮಾಡಲು ಕಲಾವಿದರ ಟರ್ಪೆಂಟೈನ್ ಇರಲಿ. ಸೀಮೆಎಣ್ಣೆ ಬೇಡ, ಆರಿದ ಮೇಲೂ ಜಿಡ್ಡು ಬಿಟ್ಟು ಮುಂದಿನ ಪದರ ಹಿಡಿಯದಂತೆ ಮಾಡುತ್ತದೆ.

ಒಂದು ಎಚ್ಚರಿಕೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಗಸಿ ಎಣ್ಣೆ ಒರೆಸಿದ ಅರಿವೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾವಾಗಿ ಕಾಯ್ದು ಬೆಂಕಿ ಹತ್ತಬಹುದು. ಎಣ್ಣೆ ಗಾಳಿಯೊಡನೆ ಸೇರುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗಿಂದ ಅದು ಹೊರಗೆ ಹೋಗದು. 42 ಡಿಗ್ರಿಯ ಮೇ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ ಇದು ನಿಜವಾದ ಅಪಾಯ. ಅರಿವೆಯನ್ನು ಹೊರಗೆ ತಂತಿಯ ಮೇಲೆ ಒಂದೊಂದಾಗಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಮುಳುಗಿಸಿಡಿ.

ಚಿತ್ರ ಇಳಿಸುವುದು

ಪುಸ್ತಕದ ಅಳತೆಯಲ್ಲೇ (15 × 10.5 ಸೆಂ.ಮೀ.) ಇರುವ ಒಂದು ಪ್ರತಿಯ ಮೇಲೆ 1.5 ಸೆಂ.ಮೀ.ಗೊಂದು ಗೆರೆ ಎಳೆದರೆ ಉದ್ದಕ್ಕೆ 10, ಅಗಲಕ್ಕೆ 7 ಮನೆ. ಕ್ಯಾನ್ವಾಸಿನ ಮೇಲೆ ಅದೇ ಮನೆ 6 ಸೆಂ.ಮೀ.ಯದು. ಮುಖ, ಕೈ ಇರುವ ಮನೆಗಳನ್ನು ಮತ್ತೆ ನಾಲ್ಕಾಗಿ ಒಡೆಯಿರಿ. ಮನೆಯೊಳಗಿನ ವಸ್ತುವನ್ನು ನೋಡಿ ಬರೆಯಬೇಡಿ. ಗೆರೆ ಮನೆಯ ಅಂಚನ್ನು ಎಲ್ಲಿ ದಾಟುತ್ತದೆ ಎಂದು ಗುರುತು ಹಾಕಿ, ಗುರುತುಗಳನ್ನು ಕೂಡಿಸಿ. ಕಣ್ಣು ಎಂದು ತಿಳಿದು ಬರೆದರೆ ಕೈ ತನಗೆ ಗೊತ್ತಿರುವ ಕಣ್ಣನ್ನೇ ಬರೆಯುತ್ತದೆ.

ಗುರುತಿಗೆ ಇದ್ದಿಲು ಕಡ್ಡಿ, ಇಲ್ಲವೇ ತೀರ ಹಗುರವಾದ ಪೆನ್ಸಿಲ್. ಬಾಲ್‌ಪೆನ್, ಮಾರ್ಕರ್, ಆಫೀಸಿನ ನೀಲಿ ಕಾರ್ಬನ್ ಇವು ಮೂರೂ ತೈಲದ ಪದರವನ್ನು ಭೇದಿಸಿ ಮೇಲೆ ಏಳುತ್ತವೆ, ಬಣ್ಣ ಹಚ್ಚಿದಷ್ಟೂ ಮತ್ತೆ ಬರುತ್ತವೆ. ಪೆನ್ಸಿಲ್ ಒತ್ತಿ ಎಳೆದರೂ ತೊಂದರೆ, ಎಣ್ಣೆ ವರ್ಷ ಕಳೆದಂತೆ ಪಾರದರ್ಶಕವಾಗುತ್ತ ಹೋಗಿ ಅಡಿಯ ಚೌಕಗಳು ಆಕಾಶದಲ್ಲಿ ಕಾಣತೊಡಗುತ್ತವೆ. ಇಳಿಸಿದ ಮೇಲೆ ಇದ್ದಿಲ ಪುಡಿಯನ್ನು ಒಣ ಅರಿವೆಯಿಂದ ಝಾಡಿಸಿ, ಉಳಿದ ಮಸುಕು ಗೆರೆಯನ್ನು ಟರ್ಪೆಂಟೈನಿನಲ್ಲಿ ತೆಳು ಮಾಡಿದ ಬರ್ಂಟ್ ಅಂಬರಿನಿಂದ ತಿದ್ದಿ. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ. ಅದಕ್ಕೇ ಅಡಿಗೆ ಅದೇ ಸರಿ.

ಪದರಗಳು

ಕೆಳಗಿನದು ಒಣಕಲು, ಮೇಲಿನದು ಜಿಡ್ಡು: ತೈಲವರ್ಣದ ಪದರಗಳೆಲ್ಲ ನಿಂತಿರುವುದು ಇದರ ಮೇಲೆ. ಮೊದಲ ಪದರಕ್ಕೆ ಟರ್ಪೆಂಟೈನ್ ಮಾತ್ರ. ಎರಡನೆಯದಕ್ಕೆ ಟರ್ಪೆಂಟೈನ್ ಎರಡು ಪಾಲು, ಎಣ್ಣೆ ಒಂದು ಪಾಲು. ಮೂರನೆಯದಕ್ಕೆ ಸಮಸಮ. ತಿರುಗುಮುರುಗಾದರೆ ಮೇಲಿನದು ಮೊದಲು ಒಣಗಿ, ಕೆಳಗಿನದು ಆಮೇಲೆ ಕುಗ್ಗಿ, ಕೆರೆಯಂಗಳದ ಎರೆಮಣ್ಣಿನಂತೆ ಬಿರುಕು ಬಿಡುತ್ತದೆ.

ಮೊದಲ ಪದರ ಪೂರ್ತಿ ಅಂಬರಿನದು, ಒಂದೇ ಬಣ್ಣದ್ದು. ಕಪ್ಪು ಬಿಳುಪು ಮಾದರಿ ಎದುರಿಗಿಟ್ಟುಕೊಂಡು ಬೆಳಕಿನಿಂದ ಕತ್ತಲೆವರೆಗೆ ಐದೇ ಹಂತ ಮಾಡಿ. ಬಿಳಿ ಹಾಕಬೇಡಿ, ಬೆಳಕು ಬೇಕಾದ ಕಡೆ ಅರಿವೆಯಿಂದ ಒರೆಸಿ ಜೆಸ್ಸೊ ಕಾಣಿಸಿ. ದೊರೆಯ ಮರದಚ್ಚಿನ ಚಿತ್ರವಾದರೆ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ: ಅವನ ನೂರಾರು ಸಾಲುಗೆರೆಗಳನ್ನು ಒಂದೊಂದಾಗಿ ನಕಲು ಮಾಡಬಾರದು, ಅವು ಸೇರಿ ಮಾಡುವ ಬೂದಿಯನ್ನು ಅಳೆದು ಹಾಕಬೇಕು. ಟೆನಿಯಲ್‌ನದು ಹಾಗಲ್ಲ. ಅವನ ಹೊರಗೆರೆಯೇ ಚಿತ್ರ, ಅದು ಉಳಿಯಬೇಕು, ನೆರಳಿನ ಸಾಲುಗೆರೆ ಮಾತ್ರ ಬಣ್ಣಕ್ಕೆ ಕರಗಬೇಕು. ಬಣ್ಣ ಯಾವುದು ಎನ್ನುವುದಕ್ಕೂ ಆಧಾರವಿದೆ. 1865ರ ಆಲಿಸ್ ಪುಸ್ತಕದಲ್ಲಿ 42 ಚಿತ್ರಗಳೂ ಕಪ್ಪು ಬಿಳುಪು, ಆದರೆ 1890ರಲ್ಲಿ ಚಿಕ್ಕ ಮಕ್ಕಳಿಗಾಗಿ ಬಂದ ಆವೃತ್ತಿಗೆ ಅವುಗಳಲ್ಲಿ 20ನ್ನು ಟೆನಿಯಲ್ಲೇ ದೊಡ್ಡದು ಮಾಡಿ ಬಣ್ಣ ಹಾಕಿದ. ಅಲ್ಲಿ ಆಲಿಸ್‌ಳ ಅಂಗಿ ಹಳದಿ. ನೀಲಿ ಅಂಗಿ ಬರೆದು ಟೆನಿಯಲ್‌ನ ಪ್ರತಿ ಎಂದರೆ ತಿಳಿದವರು ನಗುತ್ತಾರೆ.

ಎರಡನೆಯ ಪದರಕ್ಕೆ ಬಣ್ಣ. ದೂರದ್ದು ಮೊದಲು, ಹತ್ತಿರದ್ದು ಆಮೇಲೆ. ದೊಡ್ಡ ಕುಂಚ ಮೊದಲು, ಸಣ್ಣದು ಆಮೇಲೆ. ಜಲವರ್ಣದ ಚಿತ್ರಗಳಲ್ಲಿ ಎಲ್ಲರೂ ಬೀಳುವ ಹೊಂಡ ಒಂದೇ, ತಿಳಿಯಾಗಲಿ ಎಂದು ಪ್ರತಿ ಬಣ್ಣಕ್ಕೂ ಬಿಳಿ ಬೆರೆಸುವುದು. ಜಲವರ್ಣದ ತಿಳಿ ಬರುವುದು ಕಾಗದದಿಂದ, ಬಿಳಿ ಬಣ್ಣದಿಂದಲ್ಲ. ಟೈಟಾನಿಯಂ ಬೆರೆತ ಕೂಡಲೇ ಅದು ಸುಣ್ಣ ಬಳಿದ ಗೋಡೆಯಾಗುತ್ತದೆ. ಹಾಗಾಗಿ ಇಂಥ ಚಿತ್ರಕ್ಕೆ ಬಣ್ಣವನ್ನು ಮೂರನೆಯ ಪದರದ ಸಮಸಮ ಮಿಶ್ರಣದಲ್ಲಿ ಗಾಜಿನಷ್ಟು ತೆಳುವಾಗಿ ಹರಡಿ, ಹೆಚ್ಚಾದದ್ದನ್ನು ಅರಿವೆಯಿಂದ ಒತ್ತಿ ತೆಗೆಯಿರಿ. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಸೀರೆಯ ಅಂಚಿನಂಥ ಕಡೆ ಓಕರ್ ಮೇಲೆ ಸಿಯೆನ್ನಾ, ಅದರ ಮೇಲೆ ಗುಲಾಬಿಗೆಂಪು, ಹೀಗೆ ಮೂರು ತೆಳು ಪದರ ಬಿದ್ದಾಗ ಬರುವ ಒಳಬೆಳಕು ಒಂದೇ ಸಲ ಕಲಸಿ ಹಚ್ಚಿದರೆ ಬರುವುದಿಲ್ಲ. ಬಿಳಿಯನ್ನು ಕೊನೆಗೆ ಉಳಿಸಿ: ಕಣ್ಣಿನ ಮಿಂಚು, ಮುತ್ತಿನ ಚುಕ್ಕಿ, ನೀರಿನ ಅಂಚು.

ಒಣಗಿದ ಮೇಲೆ ಅಲ್ಲಲ್ಲಿ ಮಂಕಾಗಿ, ಬೂದಿ ಬಡಿದಂತೆ ಕಂಡರೆ ಬಣ್ಣ ಹೋಗಿಲ್ಲ, ಎಣ್ಣೆಯನ್ನು ಜೆಸ್ಸೊ ಕುಡಿದಿದೆ. ಎಣ್ಣೆಯ ಒಂದೆರಡು ಹನಿಯನ್ನು ಅಷ್ಟಕ್ಕೇ ಉಜ್ಜಿ, ಐದು ನಿಮಿಷ ಬಿಟ್ಟು ಪೂರ್ತಿ ಒರೆಸಿಬಿಡಿ. ಹೊಳಪು ತಿರುಗಿ ಬರುತ್ತದೆ. ಇದನ್ನು ಮಾಡದೆ ಮಂಕು ಜಾಗಕ್ಕೆ ಬಣ್ಣ ಹೊಂದಿಸಲು ಹೋದರೆ ವಾರ್ನಿಷ್ ಬಿದ್ದ ದಿನ ಅದು ಕಪ್ಪು ಮಚ್ಚೆಯಾಗಿ ಎದ್ದು ಕಾಣುತ್ತದೆ.

ಮಸಿ ಗೆರೆ

ರ‍್ಯಾಕಮ್ ಚಿತ್ರದ ಮರದ ಬೇರು, ಮುದುಕರ ಬೆರಳು ಜೀವ ಹಿಡಿದಿರುವುದೇ ಗೆರೆಯಲ್ಲಿ. ಗೆರೆಯನ್ನು ತೈಲದಲ್ಲಿ ಎರಡು ಕಡೆ ಇಡಬಹುದು. ಅಡಿಯಲ್ಲಿ ಇಡುವುದಾದರೆ ಜೆಸ್ಸೊ ಮೇಲೆ ಅಕ್ರಿಲಿಕ್ ಮಸಿಯಿಂದ ಬರೆದು, ಮೇಲೆ ತೆಳು ತೈಲ ಹರಡಬೇಕು. ಇದು ಸುಲಭ, ಗೆರೆ ಹರಿತ, ಆದರೆ ಮೇಲೆ ತಿದ್ದಲು ಬಾರದು. ಮೇಲೆ ಇಡುವುದಾದರೆ ಬಣ್ಣವೆಲ್ಲ ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ, ಉದ್ದ ಕೂದಲಿನ ರಿಗ್ಗರ್ ಕುಂಚ 1 ಅಥವಾ 2ರಲ್ಲಿ ಎಳೆಯಬೇಕು. ಬಣ್ಣ ಮಸಿಯಷ್ಟು ತೆಳುವಾಗಿರಬೇಕು. ಆದರೆ ಟರ್ಪೆಂಟೈನ್ ಒಂದರಿಂದಲೇ ತೆಳು ಮಾಡಿದರೆ ಜಿಡ್ಡಿನ ಮೇಲೆ ಒಣಕಲು ಕೂತಂತಾಗಿ ಗೆರೆ ಮುಂದೆ ಹೆಪ್ಪಳಿಕೆಯಾಗಿ ಏಳುತ್ತದೆ. ಹತ್ತು ಹನಿ ಟರ್ಪೆಂಟೈನಿಗೆ ಹತ್ತು ಹನಿ ಎಣ್ಣೆ ಇದ್ದೇ ಇರಲಿ. ಗೆರೆ ಮುತ್ತು ಮುತ್ತಾಗಿ ಒಡೆದರೆ ಕೆಳಗಿನ ಮೈ ಅತಿ ನುಣುಪಾಗಿದೆ ಎಂದರ್ಥ. ಉಗುರಿನಷ್ಟು ಎಣ್ಣೆ ಸವರಿ ಒರೆಸಿ, ಆ ತೇವದ ಮೇಲೇ ಎಳೆಯಿರಿ, ಹಿಡಿಯುತ್ತದೆ.

ಗೆರೆಯ ದಪ್ಪ ಲೆಕ್ಕದ ಪ್ರಕಾರ ಹೋಗಬಾರದು. ಪುಸ್ತಕದಲ್ಲಿ 0.3 ಮಿ.ಮೀ. ಇದ್ದದ್ದು ನಾಲ್ಕು ಪಟ್ಟಿನಲ್ಲಿ 1.2 ಮಿ.ಮೀ. ಆಗಬೇಕು. ಹಾಗೆ ಎಳೆದರೆ ಚಿತ್ರ ಬೇಲಿ ಹಾಕಿದಂತೆ ಕಾಣುತ್ತದೆ, ಏಕೆಂದರೆ 60 ಸೆಂ.ಮೀ. ಚಿತ್ರವನ್ನು ಜನ ಪುಸ್ತಕಕ್ಕಿಂತ ನಾಲ್ಕು ಪಟ್ಟು ದೂರ ನಿಂತು ನೋಡುವುದಿಲ್ಲ. 0.8 ಮಿ.ಮೀ. ಹತ್ತಿರ ಇಡಿ, ನೆರಳಿನ ಕಡೆ ಮಾತ್ರ 1 ದಾಟಲಿ. ಗೆರೆ ಎಳೆಯುವಾಗ ಮಣಿಕಟ್ಟಿನ ಕೆಳಗೆ ಒಂದು ಕೋಲು ಆಸರೆ ಕೊಟ್ಟು, ತೋಳಿನಿಂದ ಎಳೆಯಿರಿ. ಬೆರಳಿನಿಂದ ಎಳೆದ ಉದ್ದ ಗೆರೆ ನಡುಗುತ್ತದೆ. ಎರಡು ದಿನ ಹಳೆಯ ಕ್ಯಾಲೆಂಡರಿನ ಹಿಂದೆ ರೂಢಿ ಮಾಡಿಕೊಂಡು ಆಮೇಲೆ ಕ್ಯಾನ್ವಾಸ್ ಮುಟ್ಟಿ.

ಧೂಳು, ಬಿಸಿಲು, ಕತ್ತಲೆ

ಸಂಡೂರು ಕಡೆಯ ಕೆಂಪು ಧೂಳು ಕಬ್ಬಿಣದ ಆಕ್ಸೈಡ್, ಟ್ಯೂಬಿನಲ್ಲಿರುವ ಸಿಯೆನ್ನಾದ ಹತ್ತಿರದ ನೆಂಟ. ಆದರೆ ಹಸಿ ಆಕಾಶದ ಮೇಲೆ ತಾನಾಗಿ ಬಂದು ಕೂತರೆ ಸಿಡುಬಿನ ಕಲೆಯಾಗುತ್ತದೆ. ಗಂಗಾವತಿ, ಸಿಂಧನೂರು ಕಡೆ ಭತ್ತದ ಸುಗ್ಗಿಯಲ್ಲಿ ಗಿರಣಿಯ ಹೊಟ್ಟು, ರಾಯಚೂರು ಕಡೆ ಎರೆನೆಲದ ಸಣ್ಣ ಪುಡಿ. ಕೆಲಸಕ್ಕೆ ಅರ್ಧ ಗಂಟೆ ಮುಂಚೆ ನೆಲವನ್ನು ಒದ್ದೆ ಒರೆಸಿ, ಫ್ಯಾನ್ ನಿಲ್ಲಿಸಿ, ಗಾಳಿ ಏಳುವ ಮಧ್ಯಾಹ್ನದೊಳಗೆ ಮುಗಿಸಿ. ಹಸಿ ಚಿತ್ರವನ್ನು ಬಣ್ಣದ ಮೈ ಗೋಡೆಯ ಕಡೆ ಮಾಡಿ ಓರೆಯಾಗಿ ಒರಗಿಸಿಟ್ಟರೆ ಧೂಳು ಹಿಂಬದಿಗೆ ಬೀಳುತ್ತದೆ. ಮೇಲೆ ಬಟ್ಟೆ ಹೊದಿಸಬೇಡಿ, ಅದರ ನೂಲೇ ಅಂಟುತ್ತದೆ. ರಟ್ಟಿನ ಪೆಟ್ಟಿಗೆ ಬಿಚ್ಚಿ ಡೇರೆಯಂತೆ ನಿಲ್ಲಿಸಿ. ಕೂತ ಕಣವನ್ನು ಹಸಿಯಿದ್ದಾಗ ಒಣ ಕುಂಚದ ತುದಿಯಿಂದ ಎತ್ತಿ. ಅರೆ ಒಣಗಿದ್ದರೆ ಮುಟ್ಟಬೇಡಿ, ಪೂರ್ತಿ ಒಣಗಿದ ಮೇಲೆ ಬ್ಲೇಡಿನಿಂದ ಕೆರೆಯಿರಿ.

ಬೇಗ ಒಣಗಲಿ ಎಂದು ಅಂಗಳದ ಬಿಸಿಲಿಗೆ ಇಡುವುದು ದೊಡ್ಡ ತಪ್ಪು. ಮೇಲೆ ತೊಗಲು ಕಟ್ಟಿ, ಒಳಗೆ ಹಸಿ ಉಳಿದು, ಹಾಲಿನ ಕೆನೆಯಂತೆ ಸುಕ್ಕಾಗುತ್ತದೆ. ಹಾಗೆಂದು ತಿಂಗಳುಗಟ್ಟಲೆ ಕತ್ತಲ ಕೋಣೆಯಲ್ಲಿಟ್ಟರೆ ಅಗಸಿ ಎಣ್ಣೆ ಹಳದಿಗೆ ತಿರುಗುತ್ತದೆ. ಅಂಥದ್ದನ್ನು ಕಿಟಕಿಯ ಹತ್ತಿರ, ನೇರ ಬಿಸಿಲು ಬೀಳದ ಬೆಳಕಿಗೆ ಕೆಲವು ವಾರ ಇಟ್ಟರೆ ಹಳದಿ ಬಹುಮಟ್ಟಿಗೆ ಇಳಿಯುತ್ತದೆ.

ವಾರ್ನಿಷ್, ಹಿಂಬದಿ, ಸಾಗಣೆ

ಮುಟ್ಟಿದರೆ ಅಂಟುವುದಿಲ್ಲ ಎಂದ ಮಾತ್ರಕ್ಕೆ ಒಣಗಿದೆ ಎಂದಲ್ಲ. ತೆಳು ಪದರಗಳ ಚಿತ್ರಕ್ಕೂ ಆರು ತಿಂಗಳು ಬಿಟ್ಟು ವಾರ್ನಿಷ್ ಹಚ್ಚಿ. ಟರ್ಪೆಂಟೈನ್ ಸೋಕಿಸಿದ ಬಿಳಿ ಹತ್ತಿಯನ್ನು ಮೂಲೆಯಲ್ಲಿ ಹಗುರವಾಗಿ ಉರುಳಿಸಿ, ಬಣ್ಣ ಹತ್ತಿಗೆ ಬಂದರೆ ಇನ್ನೂ ಕಾಯಬೇಕು. ಪುಸ್ತಕದ ಚಿತ್ರಕ್ಕೆ ಮ್ಯಾಟ್ ವಾರ್ನಿಷ್ ಒಪ್ಪುತ್ತದೆ, ಹೊಳಪಿನದು ಹಚ್ಚಿದರೆ ಕಾಗದದ ಗುಣ ಹೋಗಿಬಿಡುತ್ತದೆ.

ಮೂಲ ಕಲಾವಿದರ ಸಹಿಯನ್ನು ಮುಂದೆ ಬರೆಯಬೇಡಿ, ಮಾದರಿಯಲ್ಲಿ ಇದ್ದರೂ ಬಿಡಿ. ಹಿಂಬದಿಯಲ್ಲಿ ಇಂಥವರ ಇಂಥ ಪುಸ್ತಕದ, ಇಂಥ ವರ್ಷದ ಚಿತ್ರದ ಪ್ರತಿ ಎಂದು ಬರೆದು, ನಿಮ್ಮ ಹೆಸರು, ವರ್ಷ ಹಾಕಿ. ಬರಹ ಚೌಕಟ್ಟಿನ ಮರದ ಮೇಲಿರಲಿ, ಬಟ್ಟೆಯ ಹಿಂದೆ ಬರೆದರೆ ಮಸಿ ಮುಂದಕ್ಕೆ ಇಳಿಯಬಹುದು.

ದೂರದೂರಿಗೆ ಕಳಿಸುವಾಗ ಚೌಕಟ್ಟಿನ ಸಮೇತ ಕಳಿಸುವುದೇ ಸರಿ. ಸುತ್ತಲೇಬೇಕಾದರೆ ಬಣ್ಣದ ಮೈ ಹೊರಗೆ ಬರುವಂತೆ ಸುತ್ತಿ; ಒಳಗೆ ಸುತ್ತಿದರೆ ಬಣ್ಣ ಒತ್ತಿಕೊಂಡು ಬಿಚ್ಚುವಾಗ ಬಿರಿಯುತ್ತದೆ. ಹೊಲಕ್ಕೆ ಹಾಕುವ 160 ಮಿ.ಮೀ. ಪಿವಿಸಿ ಪೈಪಿನ ತುಂಡು ಇದಕ್ಕೆ ಹೇಳಿ ಮಾಡಿಸಿದ್ದು, ಅದಕ್ಕಿಂತ ಸಣ್ಣ ಪೈಪು ಬೇಡ. ಬಣ್ಣಕ್ಕೆ ತಾಗುವಂತೆ ಬಟರ್ ಪೇಪರ್, ಅದರ ಮೇಲೆ ಬಬಲ್ ಪ್ಲಾಸ್ಟಿಕ್. ಬಬಲ್ ನೇರ ಬಣ್ಣಕ್ಕೆ ತಾಗಿದರೆ ಬಿಸಿಗೆ ಗುಂಡು ಗುಂಡು ಗುರುತು ಮೂಡುತ್ತದೆ, ಅದನ್ನು ಅಳಿಸಲು ಬರುವುದಿಲ್ಲ. ಮಾರ್ಚಿನಿಂದ ಜೂನ್‌ವರೆಗೆ ಬಸ್ಸಿನ ಟಾಪ್ ಮೇಲೆ ಹಾಕುವ ಪಾರ್ಸಲ್ಲಿಗೆ ಚಿತ್ರ ಕೊಡಬೇಡಿ, ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಹಾಕಿಸಿ.